ಗೋವಿನಜೋಳದ ಮಹೇವು ಮಾಡೋರಿಗೆ ಕೇಶ್ವಾಪುರ ಕಡೆಯ ಒಂದು ಗಿರಣಿ

ಹುಬ್ಬಳ್ಳಿಯಲ್ಲಿ ಗೋವಿನಜೋಳದ ಚೀಲ ಹೊತ್ತುಕೊಂಡು ಗಿರಣಿಗೆ ಹೋದರೆ ಮೊದಲು ಕೇಳೋದು, "ಕೋಳಿಗೇನ್ರಿ?" ತಪ್ಪೇನಿಲ್ಲ ಬಿಡಿ. ಹಾವೇರಿ, ರಾಣೆಬೆನ್ನೂರು ಕಡೆ ಹೊಲಗಟ್ಟಲೆ ಬೆಳೆದರೂ ನಮ್ಮಲ್ಲಿ ಅದನ್ನು ಬೀಸಿಸಿ ಕುಡಿಯೋರು ಎಷ್ಟು ಮಂದಿ?

ನನಗೆ ಬೇಕಾಗಿದ್ದು ಮಹೇವುಗೆ. ಜಿಂಬಾಬ್ವೆ, ದಕ್ಷಿಣ ಆಫ್ರಿಕಾದ ಮನೆಗಳಲ್ಲಿ ಮಾಡುವ ಹುಳಿ ಪಾನೀಯ ಇದು, ನಮ್ಮ ಅಂಬಲಿಗೆ ತೀರಾ ಹತ್ತಿರದ ಸಂಬಂಧಿ. ಉಳಿದ ಗೋವಿನಜೋಳದ ಮುದ್ದೆಯಿಂದಲೂ ಮಾಡುತ್ತಾರೆ. ಅಲ್ಲಿ ಹುದುಗಿಸೋದಕ್ಕೆ ಗೋಧಿ ಹಿಟ್ಟು ಇಲ್ಲವೇ ಮೊಳಕೆ ಬರಿಸಿದ ರಾಗಿ, ಜೋಳದ ಹಿಟ್ಟು ಹಾಕುತ್ತಾರೆ. ಹೌದು, ನಮ್ಮದೇ ರಾಗಿ, ಅಲ್ಲಿಯೂ ಬೆಳೆಯುತ್ತಾರೆ.

ಅಂಗಡಿಯ ಕಾರ್ನ್ ಫ್ಲೋರ್ ತಂದು ಕೂರಬೇಡಿ. ಅದು ಬರೀ ಪಿಷ್ಟ. ಬೇಕಾಗಿದ್ದು ಇಡೀ ಕಾಳಿನ ಹಿಟ್ಟು. ಆದರೆ ಕಾಳಿನ ಮೂತಿಯಲ್ಲಿ ಎಣ್ಣೆ ಇರುತ್ತದಲ್ಲ, ಹಾಗಾಗಿ ಬೀಸಿಸಿ ಬಹಳ ದಿನ ಇಟ್ಟರೆ ಕಮಟು ವಾಸನೆ ಬರುತ್ತದೆ. ಸ್ವಲ್ಪ ಸ್ವಲ್ಪವೇ ಬೀಸಿಸಬೇಕು. ಈ ಗಿರಣಿ ನನಗೆ ಇಷ್ಟವಾಗಿದ್ದು ಇಲ್ಲೇ: ಅರ್ಧ ಕಿಲೋ ಒಯ್ದರೂ ಮುಖ ಸಿಂಡರಿಸೋದಿಲ್ಲ. ಬೇರೆ ಕಡೆ ಐದು ಕಿಲೋ ಕೆಳಗೆ ಮಾತೇ ಆಡೋದಿಲ್ಲ.

ಅಲ್ಲಿನ ಅಜ್ಜಾರು "ಎಷ್ಟ್ ಸಣ್ಣಗ ಬೇಕ್ರಿ?" ಅಂತ ಕೇಳಿ, ಮೊದಲು ಒಂದು ಮುಷ್ಟಿ ಕಾಳು ಬಿಡುತ್ತಾರೆ. ಕೆಳಗೆ ಬಿದ್ದ ಹಿಟ್ಟನ್ನು ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ ನೋಡಿ, ಕಲ್ಲು ಬಿಗಿ ಮಾಡಿ, ಮತ್ತೆ ಬಿಡುತ್ತಾರೆ. ತರಿ ಜಾಸ್ತಿ ಇದ್ದರೆ ತಳಕ್ಕೆ ಕೂರುತ್ತದೆ, ಹಲ್ಲಿಗೆ ಸಿಗುತ್ತದೆ. ಸಣ್ಣ ರವೆಗಿಂತ ಒಂದು ಕೈ ನುಣ್ಣಗೆ ಇದ್ದರೆ ಸರಿ, ಅವರು ಕೊಟ್ಟಿದ್ದೂ ಅದೇ. ನಮ್ಮದಕ್ಕಿಂತ ಮುಂಚೆ ಗೋಧಿ ಬೀಸಿದ್ದರೆ ಅದು ಸ್ವಲ್ಪ ಬೆರೆಯುತ್ತದೆ. ಮಹೇವುಗಾದರೆ ಅದರಿಂದ ಏನೂ ಕೆಡೋದಿಲ್ಲ.

ಮೊಳಕೆ ರಾಗಿಯನ್ನೂ ಅಲ್ಲೇ ಬೀಸಿಸಿದೆ. ಗಮನಿಸಿ, ಹುರಿಯಬಾರದು! ಒಣಗಿಸಿ ಹಾಗೇ ಬೀಸಿಸಬೇಕು. ಹುರಿದರೆ ಗಂಜಿಯನ್ನು ತೆಳ್ಳಗೆ ಮಾಡುವ ಮೊಳಕೆಯ ಶಕ್ತಿ ಹೋಗಿಬಿಡುತ್ತದೆ, ಡಬ್ಬಿಯ ರಾಗಿ ಮಾಲ್ಟ್ ಇದಕ್ಕೆ ಬರದಿರೋದೂ ಅದಕ್ಕೇ.

ಇನ್ನು ಮಹೇವು ಮಾಡೋದು: ಲೀಟರ್ ನೀರಿಗೆ 100 ಗ್ರಾಂ ಗೋವಿನಜೋಳದ ಹಿಟ್ಟು. ತಣ್ಣೀರಲ್ಲಿ ಕದಡಿ, ಗಂಟಾಗದಂತೆ ತಿರುವುತ್ತಾ ಚೆನ್ನಾಗಿ ಬೇಯಿಸಿ. ಉಗುರುಬೆಚ್ಚಗಾದ ಮೇಲೆ ಎರಡು ಚಮಚ ಮೊಳಕೆ ರಾಗಿ ಹಿಟ್ಟು ಕಲಸಿ, ಗಡಿಗೆಗೆ ಹಾಕಿ ಬಟ್ಟೆ ಕಟ್ಟಿ. ರಾತ್ರಿ ಸೌಟಿನಿಂದ ದಪ್ಪಗೆ ಬೀಳುತ್ತಿದ್ದದ್ದು ಮರುದಿನ ಮಜ್ಜಿಗೆಯಂತೆ ಇಳಿಯುತ್ತದೆ. ಬೇಸಿಗೆಯಲ್ಲಿ ಒಂದು ದಿನ ಸಾಕು, ಚಳಿಗಾಲದಲ್ಲಿ ಇನ್ನೂ ಅರ್ಧ ದಿನ ಬಿಡಿ. ಹುಳಿ ಬಂದ ಕೂಡಲೇ ಫ್ರಿಜ್ಜಿಗೆ ಸೇರಿಸಿ. ಇದು ಅಮಲಿನ ಪದಾರ್ಥ ಅಲ್ಲ, ಮೊಸರಿನ ಥರದ ಹುಳಿ ಅಷ್ಟೇ. ಆಫ್ರಿಕಾದ ಕಡೆ ಸಕ್ಕರೆ ಹಾಕಿ ಕುಡಿಯುತ್ತಾರೆ. ನಮ್ಮ ಮನೆಯಲ್ಲಿ ಉಪ್ಪು, ಜಜ್ಜಿದ ಉಳ್ಳಾಗಡ್ಡಿ ಹಾಕಿದ ಮೇಲೆಯೇ ಯಜಮಾನರು ಎರಡನೇ ಲೋಟ ಕೇಳಿದ್ದು.

ಗಿರಣಿಯ ಬಗ್ಗೆ ತಕರಾರೂ ಇದೆ. ಖಾರ ಬೀಸೋ ಮಷೀನ್ ಬೇರೆ ಇದ್ದರೂ ಕೋಣೆ ಒಂದೇ. ಬ್ಯಾಡಗಿ ಮೆಣಸಿನಕಾಯಿ ಸೀಸನ್ನಿನಲ್ಲಿ ಹೋದರೆ ಸೀನಿ ಸೀನಿ ಸಾಕಾಗುತ್ತದೆ, ಹಿಟ್ಟಿಗೂ ಸಣ್ಣಗೆ ಘಾಟು ಹತ್ತುತ್ತದೆ. ಆಗ ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಹೋಗಿ. ಕರೆಂಟ್ ಹೋದರೆ ಕಾಯೋದೇ ಗತಿ, ಕೂರೋಕೆ ಒಂದು ಸ್ಟೂಲೂ ಇಲ್ಲ. ಗೋವಿನಜೋಳಕ್ಕೆ ಗೋಧಿಗಿಂತ ದರ ಜಾಸ್ತಿ, ಕಾಳು ಗಟ್ಟಿ ಅಂತ. ಅದು ಒಪ್ಪುವ ಮಾತೇ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಾಳು ಆರಿಸಿಕೊಂಡು ಹೋಗಿ, ಡಬ್ಬಿ ನಿಮ್ಮದೇ ಒಯ್ಯಿರಿ. ಹಿಟ್ಟು ಬಿಸಿ ಇರುತ್ತದೆ, ಆರೋವರೆಗೂ ಮುಚ್ಚಳ ಹಾಕಬೇಡಿ.