ಫುಟ್‌ಬಾಲ್ ಹುಡುಗಿಯೋ, ಹಾಡುವ ಹುಡುಗಿಯೋ?

ಒಂದು ಸಂಜೆ, ಒಂದೇ ಸಿನಿಮಾ ಅಂದರೆ ಯಾವುದು? 'ಬೆಂಡ್ ಇಟ್ ಲೈಕ್ ಬೆಕಮ್' (2002), 'ಸೀಕ್ರೆಟ್ ಸೂಪರ್‌ಸ್ಟಾರ್' (2017) ಎರಡರಲ್ಲೂ ಹುಡುಗಿ ಮನೆಯವರ ಕಣ್ಣು ತಪ್ಪಿಸಿಯೇ ಕನಸಿನ ಬೆನ್ನು ಹತ್ತುತ್ತಾಳೆ.

ಮೊದಲನೆಯದು ಗುರಿಂದರ್ ಚಡ್ಡಾ ನಿರ್ದೇಶಿಸಿದ್ದು, ನಗುನಗುತ್ತಾ ಸಾಗುತ್ತದೆ. ಲಂಡನ್ನಿನ ಪಂಜಾಬಿ ಮನೆ, ಫುಟ್‌ಬಾಲ್ ಆಡುವ ಹುಡುಗಿ, ಅಕ್ಕನ ಮದುವೆ, ಅಡುಗೆ ಕಲಿ ಎನ್ನುವ ಅಮ್ಮ. ಕರಗುವುದು ಅಪ್ಪ.

ಎರಡನೆಯದು ವಡೋದರದ ಕಥೆ. ಇಲ್ಲಿ ಅಪ್ಪ ಹೊಡೆಯುತ್ತಾನೆ. ಹದಿನೈದರ ಇನ್ಸಿಯಾ ಬುರ್ಖಾ ಹಾಕಿಕೊಂಡು ಯೂಟ್ಯೂಬಿನಲ್ಲಿ ಹಾಡುತ್ತಾಳೆ. ಅಮ್ಮ ಸರ ಮಾರಿ ಲ್ಯಾಪ್‌ಟಾಪ್ ಕೊಡಿಸುತ್ತಾಳೆ. ಅದನ್ನು ಕಿಟಕಿಯಿಂದ ಎಸೆಯಬೇಕಾಗಿ ಬರುವ ದೃಶ್ಯ ನನಗಂತೂ ಮರೆಯಲಾಗಿಲ್ಲ. ಸ್ವಲ್ಪ ಉದ್ದ ಜಾಸ್ತಿ, ನಿಜ.

ಸುಮ್ನೆ ಖುಷಿಗೆ ಮೊದಲನೆಯದು ಸಾಕು. ಅಮ್ಮನ ಜೊತೆ ಕೂತು ನೋಡೋದಾದರೆ ಎರಡನೆಯದೇ. ಕರ್ಚೀಫ್ ಇಟ್ಟುಕೊಳ್ಳಿ.