ಉರ್ ಆಟದ ಹಲಗೆ: ಮರ ಚೆನ್ನ, ದಾಳ ದಂಡ

ಆನ್‌ಲೈನ್‌ನಲ್ಲಿ 1,850 ರೂಪಾಯಿ ಕೊಟ್ಟು ತರಿಸಿದೆ. ‘ರಾಯಲ್ ಗೇಮ್ ಆಫ್ ಉರ್’ ಅಂತ ಹೆಸರು. ಡಬ್ಬ ಬಿಚ್ಚುವಾಗ ಅಮ್ಮ ಕೇಳಿದಳು, “ಯಾವ ಊರಿಂದೇ ಇದು?” ಉರ್ ಅನ್ನೋ ಊರಿಂದಮ್ಮ, ಅಂದೆ. ತಮಾಷೆ ಮಾಡ್ತಿದೀನಿ ಅಂತ ಮುಖ ತಿರುಗಿಸಿದಳು.

ಉರ್ ಇರುವುದು ಇರಾಕಿನ ದಕ್ಷಿಣದಲ್ಲಿ. ಅಲ್ಲಿ ಬಹಳ ಹಿಂದೆ ಇದ್ದ ಸುಮೇರಿಯನ್ ಜನರ ದೊಡ್ಡ ಪಟ್ಟಣ. 1922ರಿಂದ 1934ರವರೆಗೆ ಬ್ರಿಟಿಷ್ ಪುರಾತತ್ವಜ್ಞ ಲಿಯೊನಾರ್ಡ್ ವೂಲಿ ಅಲ್ಲಿ ಅಗೆಸಿದಾಗ, ಸುಮಾರು 4,500 ವರ್ಷ ಹಳೆಯ ಸಮಾಧಿಗಳಲ್ಲಿ ಈ ಆಟದ ಹಲಗೆಗಳು ಸಿಕ್ಕವು. ಮರ ಕೊಳೆತು ಹೋಗಿತ್ತು. ಅದರ ಮೇಲೆ ಕೂರಿಸಿದ್ದ ಚಿಪ್ಪು, ಕೆಂಪು ಸುಣ್ಣದಕಲ್ಲು, ಲ್ಯಾಪಿಸ್ ಅನ್ನೋ ನೀಲಿ ಕಲ್ಲಿನ ಚೂರುಗಳು ಮಾತ್ರ ಮಣ್ಣಿನಲ್ಲಿ ಇದ್ದ ಜಾಗದಲ್ಲೇ ಉಳಿದಿದ್ದವು. ಆ ಲ್ಯಾಪಿಸ್ ಅಫ್ಘಾನಿಸ್ತಾನದ ಬೆಟ್ಟಗಳಿಂದ ಹೋದದ್ದು. ಎಲ್ಲಕ್ಕಿಂತ ಹೆಸರಾದ ಹಲಗೆ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಸುಮಾರು 30 ಸೆಂಟಿಮೀಟರ್ ಉದ್ದ. ನನಗೆ ಬಂದದ್ದೂ ಅಷ್ಟೇ ಉದ್ದ, ಸ್ಕೇಲ್ ಇಟ್ಟು ನೋಡಿದೆ.

ಮೊದಲು ಒಳ್ಳೆಯದು ಹೇಳಿಬಿಡ್ತೀನಿ. ಹಲಗೆ ಬೀಟೆ ಮರದ್ದು, ಅಂಚು ನುಣ್ಣಗಿದೆ, ಕೆಳಗೆ ಕಾಯಿ ಇಡೋಕೆ ಪುಟ್ಟ ಡ್ರಾಯರ್. ಇಪ್ಪತ್ತು ಮನೆ. ಒಂದು ಕಡೆ ಹನ್ನೆರಡು, ಇನ್ನೊಂದು ಕಡೆ ಆರು, ನಡುವೆ ಸೇತುವೆ ತರಹ ಎರಡು. ಐದು ಮನೆಗಳಲ್ಲಿ ಹೂವಿನ ಚಿತ್ರ. ಅದರ ಮೇಲೆ ಕಾಯಿ ನಿಂತರೆ ಇನ್ನೊಂದು ಆಟ ಸಿಗುತ್ತದೆ, ನಟ್ಟನಡುವಿನ ಹೂವಿನ ಮೇಲಿರುವ ಕಾಯನ್ನು ಯಾರೂ ಕಡಿಯುವ ಹಾಗಿಲ್ಲ. ನಾನು ಇಷ್ಟು ಹೇಳುವಷ್ಟರಲ್ಲೇ ಅಮ್ಮ “ಕಟ್ಟೆ ಮನೆ ಅನ್ನು, ಸುಮ್ನೆ ಯಾಕೆ ಉದ್ದ ಮಾಡ್ತೀಯ” ಅಂದಳು. ಮೈಸೂರಿನಲ್ಲಿ ಚೌಕಾಬಾರ ಆಡಿ ಬೆಳೆದವಳು, ಅವಳಿಗೆ ನಿಯಮ ಹೇಳಿಕೊಡಬೇಕಾ?

ಇನ್ನು ದಾಳ. ಪಿರಮಿಡ್ಡಿನ ಆಕಾರದ ನಾಲ್ಕು ದಾಳ, ಒಂದೊಂದಕ್ಕೂ ನಾಲ್ಕು ಮೂಲೆ, ಎರಡು ಮೂಲೆಗೆ ಬಿಳಿ ಬಣ್ಣ. ಬಿದ್ದಾಗ ಮೇಲೆ ಬಿಳಿ ಮೂಲೆ ಇದ್ದರೆ ಒಂದು ಎಣಿಸಬೇಕು. ಎರಡನೇ ದಿನವೇ ಬಣ್ಣ ಎದ್ದು ಬಂತು. ಉರುಳುವುದೂ ಇಲ್ಲ, ಕೈ ಬಿಟ್ಟ ಕಡೆ ಕೂತುಬಿಡುತ್ತವೆ. ಒಂದಂತೂ ವಾಲಿಕೊಂಡೇ ನಿಲ್ಲುತ್ತದೆ. ಅಮ್ಮ ಎದ್ದು ಹೋಗಿ ದೇವರ ಮನೆಯ ಗೂಡಿನಿಂದ ಕವಡೆ ಡಬ್ಬಿ ತಂದಳು.

ಲೆಕ್ಕ ಸರಿಹೋಯಿತು. ನಾಲ್ಕು ದಾಳಕ್ಕೆ ನಾಲ್ಕು ಕವಡೆ, ಎಷ್ಟು ಬಾಯಿ ಮೇಲೆ ಬಿದ್ದರೆ ಅಷ್ಟು ಮನೆ. ಆದರೆ ಜಗಳ ಶುರುವಾಗಿದ್ದೇ ಅಲ್ಲಿ. ನಾಲ್ಕೂ ಬೋರಲು ಬಿದ್ದರೆ ನಮ್ಮ ಆಟದಲ್ಲಿ ಬಾರ, ಎಂಟು ಮನೆ, ಮೇಲೆ ಇನ್ನೊಂದು ಗರ. ಉರ್‌ನಲ್ಲಿ ಅದು ಸೊನ್ನೆ, ಆಟವೇ ಹೋಯಿತು! ಅಮ್ಮ ಒಂದೇ ಮಧ್ಯಾಹ್ನ ಮೂರು ಸಲ “ಬಾರ!” ಅಂತ ಕೂಗಿ, ಮೂರು ಸಲವೂ ಸುಮ್ಮನೆ ಕೂರಬೇಕಾಯಿತು. ಇಷ್ಟಾದರೂ ಗೆದ್ದವಳು ಅವಳೇ. ನನ್ನ ಕಾಯಿಗಳು ನಡುವಿನ ಸಾಲಿನಲ್ಲೇ ಕಡಿಸಿಕೊಂಡು ವಾಪಸ್ ಬರ್ತಿದ್ದವು, ಅವಳ ಏಳು ಕಾಯಿಯೂ ಹಣ್ಣಾದವು.

ಡಬ್ಬದೊಳಗಿನ ಚೀಟಿಯ ಬಗ್ಗೆ ಹೇಳಲೇಬೇಕು. “ಈಜಿಪ್ಟಿನ 5,000 ವರ್ಷ ಹಳೆಯ ನಿಯಮಗಳು” ಅಂತ ಅಚ್ಚು ಹಾಕಿದ್ದಾರೆ. ಊರೂ ತಪ್ಪು, ವರ್ಷವೂ ತಪ್ಪು. ಈಜಿಪ್ಟಿನ ರಾಜ ಟುಟಾಂಖಾಮನ್ ಸಮಾಧಿಯಲ್ಲೂ ಇಪ್ಪತ್ತು ಮನೆಯ ಹಲಗೆ ಸಿಕ್ಕಿದೆ ನಿಜ. ಆದರೆ ನಿಯಮ ತಿಳಿದದ್ದು ಇರಾಕಿನ ಹಳೆಯ ಪಟ್ಟಣ ಬ್ಯಾಬಿಲೋನಿನ ಒಂದು ಮಣ್ಣಿನ ಫಲಕದಿಂದ. ಅದು ಕ್ರಿ.ಪೂ. 177ರ ಸುಮಾರಿನದು, ಅಂದರೆ ಉರ್‌ನ ಹಲಗೆಗಿಂತ ಎರಡು ಸಾವಿರ ವರ್ಷಕ್ಕೂ ಜಾಸ್ತಿ ಈಚಿನದು. ಬ್ರಿಟಿಷ್ ಮ್ಯೂಸಿಯಂನ ಇರ್ವಿಂಗ್ ಫಿಂಕೆಲ್ ಅದನ್ನು ಓದಿದರು. ಅದರಲ್ಲಿ ಕಾಯಿಗಳು ಏಳಲ್ಲ, ಐದು. ಹದ್ದು, ಕಾಗೆ, ಹುಂಜ ಹೀಗೆ ಹಕ್ಕಿಗಳ ಹೆಸರು. ದಾಳ ಅಂದರೆ ಕುರಿ ಮತ್ತು ಎತ್ತಿನ ಗೆಣ್ಣಿನ ಮೂಳೆ. ಈಗ ನಾವು ಏಳು ಕಾಯಿ ಇಟ್ಟು ಆಡುವ ಆಟ ಇವೆಲ್ಲ ಸೇರಿಸಿ ಕಟ್ಟಿಕೊಂಡದ್ದು. ಚೀಟಿಯಲ್ಲಿ ಇದನ್ನೇ ನಾಲ್ಕು ಸಾಲು ಬರೆದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಹಾಗಂತ ಚೌಕಾಬಾರ ಉರ್‌ನಿಂದ ಬಂತು ಅಂತ ನಾನು ಹೇಳಲ್ಲ. ಅಮ್ಮ ಹೇಳ್ತಾಳೆ, ಅದೂ ಉಲ್ಟಾ, ನಮ್ಮಿಂದಲೇ ಅಲ್ಲಿಗೆ ಹೋಯಿತಂತೆ. ಕೊಚ್ಚಿಯ ಯಹೂದಿ ಮನೆಗಳಲ್ಲಿ ಇಪ್ಪತ್ತು ಮನೆಯ ಇಂಥದೇ ಒಂದು ಆಟವನ್ನು 20ನೇ ಶತಮಾನದವರೆಗೂ ಆಡುತ್ತಿದ್ದರು ಅಂತ ನಾನು ಬಾಯ್ತಪ್ಪಿ ಹೇಳಿದ ಮೇಲಂತೂ ಕೇಳೋದೇ ಬೇಡ.

ಐದಕ್ಕೆ ಮೂರು ಕೊಡ್ತೀನಿ, ಮೂರೂ ಮರದ ಕೆಲಸಕ್ಕೆ. ಷೋಕೇಸಿನಲ್ಲಿ ಇಡೋಕೆ ಬೇಕಾದರೆ ತಗೊಳ್ಳಿ. ಬರೀ ಆಡೋಕಾದರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಪ್ಪತ್ತು ಮನೆ ಬರೆದುಕೊಳ್ಳಿ, ಕಾಯಿಗೆ ಹುಣಸೆ ಬೀಜ, ಬಳೆ ಚೂರು ಸಾಕು. ಅಸ್ಸೀರಿಯಾದ ರಾಜ ಎರಡನೇ ಸಾರ್ಗನ್‌ನ ಅರಮನೆ ಬಾಗಿಲಲ್ಲಿ ರೆಕ್ಕೆಯ ಗೂಳಿಯ ದೊಡ್ಡ ವಿಗ್ರಹವಿತ್ತು. ಅದರ ಪೀಠದ ಮೇಲೇ ಯಾರೋ ಈ ಹಲಗೆಯನ್ನು ಗೀಚಿದ್ದಾರೆ. ಕಾವಲುಗಾರರೇ ಇರಬೇಕು, ಪಾಪ, ಹೊತ್ತು ಹೋಗಬೇಕಲ್ವಾ.

ದಾಳದ ಬಗ್ಗೆ ಅಂಗಡಿಯವರಿಗೆ ಬರೆದೆ. ಬೇರೆ ಕಳಿಸ್ತೀವಿ ಅಂದು ಮೂರು ವಾರವಾಯಿತು. ಬಂದರೂ ಡ್ರಾಯರಿಗೇ ಹೋಗುತ್ತವೆ. ಭಾನುವಾರದಿಂದ ನಮ್ಮ ಮನೆಯಲ್ಲಿ ಬಾರಕ್ಕೆ ಎಂಟು ಅಂತ ಅಮ್ಮ ತೀರ್ಮಾನ ಮಾಡಿಯಾಗಿದೆ.