ಆನ್‌ಲೈನ್ ಥೆರಪಿನಾ, ಧಾರವಾಡದ ಬಸ್ಸಾ?

ಬಾಗಲಕೋಟೆಯಿಂದ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಿಬಂದರೆ ಒಂದು ದಿನದ ರಜೆ ಹೋಯ್ತು. ಆನ್‌ಲೈನಲ್ಲಿ ಸುಮಾರು 50 ನಿಮಿಷ, ಅಷ್ಟೇ. ಆದರೆ ಮನೆಯಲ್ಲಿ ಗುಟ್ಟಾಗಿ ಮಾತಾಡೋಕೆ ಜಾಗ ಎಲ್ಲಿದೆ? ನಾನು ನವನಗರದಲ್ಲಿ ಕಾರು ನಿಲ್ಲಿಸಿ, ಗಾಜು ಏರಿಸಿ, ಬೆವರು ಒರೆಸಿಕೊಳ್ಳುತ್ತ ಮಾತಾಡಿದ್ದೆ, ಸರಿಯಾಗಿ ಅಳು ಬರೋ ಹೊತ್ತಿಗೆ ನೆಟ್ ಕೈಕೊಟ್ಟಿತ್ತು. ಎದುರು ಕೂತಿದ್ದರೆ ಹಾಗಾಗಲ್ಲ, ಅಲ್ವಾ?

ಎಲ್ಲೇ ಹೋದರೂ ಮೊದಲ ಸಲ ಪ್ರಶ್ನೆಗಳೇ ಜಾಸ್ತಿ: ನಿದ್ದೆ, ಊಟ, ಮನೆಯವರು, ಹಳೇ ಔಷಧಿ. ಹಗುರ ಆಗಲಿಲ್ಲ ಅಂತ ಬಿಡಬೇಡಿ, ಮೂರ್ನಾಲ್ಕು ಸಲ ನೋಡಿ. ಮಾತ್ರೆ ಬೇಕಿದ್ದರೆ ಮನೋವೈದ್ಯರೇ ಬೇಕು. ಸಾಯೋ ಯೋಚನೆ ಬರುತ್ತಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಉಳಿದಂತೆ ನನ್ನ ಓಟು ಆನ್‌ಲೈನ್‌ಗೆ, ಆದರೆ ಕನ್ನಡ ಬಲ್ಲವರನ್ನೇ ಹುಡುಕಿ. ‘ಎದಿ ಧಸಕ್ ಅಂತದ’ ಅನ್ನೋದನ್ನ ಇಂಗ್ಲಿಷಲ್ಲಿ ಹೇಗೆ ಹೇಳ್ತೀರಿ?